ಬತ್ತಿ ನೋಡಿ ಬ್ಯಾಟರಿ ಕೊಳ್ಳಿ

ನಮ್ಮ ಟೀಮಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗ ಒಬ್ಬನಿದ್ದಾನೆ. ಸಿಗರೇಟು ಬಿಟ್ಟು ಎರಡು ವರ್ಷದಿಂದ ಬಣ್ಣಬಣ್ಣದ ಡಿಸ್ಪೋಸಬಲ್ ವೇಪ್, ಅಂದರೆ ನಿಕೋಟಿನ್ ಲಿಕ್ವಿಡ್ ಕಾಯಿಸಿ ಆವಿ ಕೊಡುವ, ಮುಗಿದ ಮೇಲೆ ಎಸೆಯುವ ಇ-ಸಿಗರೇಟು, ಸೇದುತ್ತಿದ್ದ. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಅವುಗಳ ಮಾರಾಟವೇ ಬಂದ್ ಆಯಿತು. ಮಾರನೇ ದಿನ ನನ್ನ ಮೇಜಿನ ಹತ್ತಿರ ಬಂದು, "ಅಣ್ಣಾ, ನಿಮ್ಮ ಆ ಹಳೇ ಪೀಪಿ ಎಲ್ಲಿ ತಗೊಂಡ್ರಿ?" ಅಂದ.

ಅವನು ಕೇಳಿದ್ದು ನಾನು ಲಿಕ್ವಿಡ್ ತುಂಬಿಸಿ, ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸುವ ವೇಪ್ ಬಗ್ಗೆ. ಪೀಪಿ ಅಂದದ್ದಕ್ಕೆ ಬೇಜಾರಿಲ್ಲ. ನೋಡೋಕೆ ಹಾಗೇ ಇದೆ. ಅವನಿಗೆ ಊಟದ ಹೊತ್ತಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ಸಿಗರೇಟು ಸೇದದೇ ಇದ್ದವರಿಗೆ ಇದರಲ್ಲಿ ಏನೂ ಇಲ್ಲ. ನಿಕೋಟಿನ್ ಹಿಡಿದರೆ ಬಿಡುವ ಪದಾರ್ಥವಲ್ಲ, ನನ್ನನ್ನು ಇನ್ನೂ ಬಿಟ್ಟಿಲ್ಲ.

ನಾನು ದಾವಣಗೆರೆಯವನು. ಬೆಂಗಳೂರಿನಲ್ಲಿ ಆರು ವರ್ಷ ಟೆಸ್ಟಿಂಗ್ ಕೆಲಸ ಮಾಡಿದೆ. ಬೈಟೂ ಟೀ, ಜೊತೆಗೊಂದು ಕಿಂಗ್ಸ್ ಸಿಗರೇಟು, ದಿನಕ್ಕೆ ಹದಿನೈದು. 2014ರಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಾಗ ಇಪ್ಪತ್ತರ ಪ್ಯಾಕ್‌ಗೆ ಎಂಟು ಪೌಂಡ್ ಮೇಲೆ ಕೊಡಬೇಕಿತ್ತು. ಆಗ ಪೌಂಡ್ ಅಂದರೆ ನೂರು ರೂಪಾಯಿ. ಒಂದು ಸಿಗರೇಟಿಗೆ ನಲವತ್ತು ರೂಪಾಯಿ ಅಂತ ಲೆಕ್ಕ ಹಾಕಿದ ದಿನ ಹೊಗೆ ಗಂಟಲಲ್ಲೇ ಸಿಕ್ಕಿಕೊಂಡಿತು. ಆರೋಗ್ಯದ ಕಾಳಜಿಯಿಂದ ಬಿಟ್ಟೆ ಅಂತ ಅಮ್ಮನಿಗೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಲೆಕ್ಕ ಬಿಡಿಸಿತು.

ಮೊದಲು ಕೊಂಡದ್ದು ಸಂತೆಯ ಒಂದು ಗೂಡಂಗಡಿಯಲ್ಲಿ. ಹೆಸರಿಲ್ಲದ ಕಂಪನಿಯ ಪೆನ್ನಿನಂಥ ಬ್ಯಾಟರಿ, ಮೇಲೊಂದು ಪ್ಲಾಸ್ಟಿಕ್ ಕೊಳವೆ. ಈ ಮಾದರಿಯ ಕೊಳವೆಗೆ ಸಿಇ4 ಅನ್ನುತ್ತಿದ್ದರು. ಬೆಲೆ ಹತ್ತು ಪೌಂಡ್, ನಿಂಬೆ ರುಚಿಯ ಲಿಕ್ವಿಡ್ ಪುಕ್ಕಟೆ. ನಾಲ್ಕನೇ ದಿನ ಕೊಳವೆ ಮೈತುಂಬ ಬಿರುಕು ಬಿಟ್ಟು ಬಿಳಿ ಅಂಗಿಯ ಜೇಬಿನಲ್ಲಿ ಸೋರಿತು. ಆಮೇಲೆ ತಿಳಿಯಿತು, ನಿಂಬೆ, ಕಿತ್ತಳೆ, ದಾಲ್ಚಿನ್ನಿ, ಕಡು ಪುದೀನ ತರದ ರುಚಿಗಳು ಕೆಲವು ಪ್ಲಾಸ್ಟಿಕ್ಕನ್ನು ತಿಂದುಬಿಡುತ್ತವೆ. ಪುಕ್ಕಟೆ ಕೊಟ್ಟ ಲಿಕ್ವಿಡ್ಡೇ ಅಂಗಡಿಯವನು ಮಾರಿದ ಕೊಳವೆಯನ್ನು ತಿಂದಿತ್ತು. ನಾನು ಮೂರು ವಾರ ಮತ್ತೆ ಸಿಗರೇಟಿಗೆ ಹೋದೆ.

ಎರಡನೇ ಸಲ ಸರಿಯಾದ ಅಂಗಡಿ ಹುಡುಕಿದೆ. 17ನೇ ನಂಬರ್ ಬಸ್ ಹತ್ತಿ ಆಕ್ಸ್‌ಫರ್ಡ್ ರೋಡಿನಲ್ಲಿ ಇಳಿದರೆ ಕೊತ್ತಂಬರಿ, ಹಸಿಮೆಣಸಿನಕಾಯಿ ಸಿಗುವ ನಮ್ಮವರ ಅಂಗಡಿಗಳ ಸಾಲು. ಅದರ ನಡುವೆಯೇ ಒಂದು ಸಣ್ಣ ವೇಪ್ ಅಂಗಡಿ ಇತ್ತು. ಕೌಂಟರಿನಲ್ಲಿ ನಮ್ಮ ಚಿಕ್ಕಮ್ಮನ ವಯಸ್ಸಿನ ಹೆಂಗಸು. ಏನು ಬೇಕು ಅಂತ ಕೇಳಲಿಲ್ಲ. ದಿನಕ್ಕೆ ಎಷ್ಟು ಸಿಗರೇಟು, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ಎರಡೇ ಪ್ರಶ್ನೆ. ಡಾಕ್ಟರು ಕೇಳಿದ ಹಾಗಿತ್ತು. ಮಿಲೀಗೆ 18 ಮಿಲಿಗ್ರಾಂ ನಿಕೋಟಿನ್ ಇರುವ ಲಿಕ್ವಿಡ್‌ನಿಂದ ಶುರು ಮಾಡು ಅಂದಳು.

ನನ್ನ ಕಣ್ಣು ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿತ್ತು. ಇನ್ನೊಕಿನ್ ಕಂಪನಿಯ ಎಂವಿಪಿ 2.0 ಅನ್ನೋ ಬ್ಯಾಟರಿ. ಡಬ್ಬಿಯಂಥ ಮೈ, ಪುಟ್ಟ ಪರದೆ, 2600 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), 3.3ರಿಂದ 5 ವೋಲ್ಟ್. ಫೋನನ್ನೂ ಚಾರ್ಜ್ ಮಾಡಿಕೊಳ್ಳಬಹುದು, ಎಷ್ಟು ದಮ್ಮು ಎಳೆದೆ ಅಂತ ಎಣಿಸಿಯೂ ಹೇಳುತ್ತದೆ. ಟೆಸ್ಟಿಂಗ್ ಕೆಲಸದವನಿಗೆ ಇನ್ನೇನು ಬೇಕು! ಅವಳು ಅದನ್ನು ತೆಗೆದು ತೋರಿಸಿದಳು, ಆದರೆ ಮಾರಲಿಲ್ಲ. ಕೆಳಗಿನ ಸಾಲಿನಿಂದ ಪೆನ್ನಿನ ಆಕಾರದ ಎರಡು ಬ್ಯಾಟರಿ ತೆಗೆದಳು. ಒಂದು ಜಾಯ್‌ಟೆಕ್‌ನ ಈಗೋ-ಸಿ ಟ್ವಿಸ್ಟ್, 3.2ರಿಂದ 4.8 ವೋಲ್ಟ್, 650 ಮತ್ತು 1000 ಎಂಎಎಚ್ ಎರಡು ಅಳತೆಯಲ್ಲಿ. ಇನ್ನೊಂದು ವಿಷನ್ ಸ್ಪಿನ್ನರ್, 1300 ಎಂಎಎಚ್, 3.3ರಿಂದ 4.8. ಎರಡಕ್ಕೂ ಬುಡದಲ್ಲಿ ವೋಲ್ಟ್ ಬದಲಿಸಲು ರೇಡಿಯೋ ಗುಂಡಿಯಂತೆ ತಿರುಗುವ ಬಿರಡೆ. "ಮಿಕ್ಕ ದುಡ್ಡನ್ನು ಟ್ಯಾಂಕಿಗೆ ಹಾಕು" ಅಂದಳು. ಟ್ಯಾಂಕ್ ಅಂದರೆ ಬ್ಯಾಟರಿಯ ಮೇಲೆ ಕೂರುವ, ಲಿಕ್ವಿಡ್ ತುಂಬುವ ಭಾಗ. ಸ್ಪಿನ್ನರ್ ತೆಗೆದುಕೊಂಡೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಚಾರ್ಜ್ ನಿಲ್ಲಬೇಕಿತ್ತು, ನಿಂತಿತು.

ಈ ವೋಲ್ಟ್ ತಿರುಗಿಸುವುದು ಯಾಕೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಮನೆಗೆ ಬಂದು ಪಿಯುಸಿಯ ಓಮ್ ನಿಯಮ ನೆನಪು ಮಾಡಿಕೊಂಡೆ. ಟ್ಯಾಂಕಿನ ಒಳಗೆ ಕಾಯಿಲ್ ಅಂತ ಒಂದು ಸುರುಳಿ ತಂತಿ, ಅದಕ್ಕೆ ತಾಗಿದ ಬತ್ತಿ. ಬತ್ತಿ ಲಿಕ್ವಿಡ್ ಹೀರುತ್ತದೆ, ತಂತಿ ಕಾಯುತ್ತದೆ, ಆವಿ ಏಳುತ್ತದೆ. ಎಷ್ಟು ಕಾಯುತ್ತದೆ ಅನ್ನುವುದು ವೋಲ್ಟನ್ನು ವೋಲ್ಟಿನಿಂದ ಗುಣಿಸಿ ಓಮ್‌ನಿಂದ (ತಂತಿ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಭಾಗಿಸಿದರೆ ಬರುವ ವಾಟ್. 1.8 ಓಮ್ ಕಾಯಿಲ್‌ಗೆ 3.8 ವೋಲ್ಟ್ ಕೊಟ್ಟರೆ ಎಂಟು ವಾಟ್. 2.2 ಓಮ್ ಕಾಯಿಲ್‌ನಲ್ಲಿ ಅದೇ ಎಂಟು ವಾಟ್ ಬೇಕಾದರೆ 4.2ಕ್ಕೆ ತಿರುಗಿಸಬೇಕು. ಅಂದರೆ ಗೆಳೆಯ "ನಾನು 4.2ರಲ್ಲಿ ಸೇದ್ತೀನಿ, ಸೂಪರ್" ಅಂದರೆ ಅದಕ್ಕೆ ಅರ್ಥವೇ ಇಲ್ಲ. ಅವನ ಕಾಯಿಲ್ ಎಷ್ಟು ಓಮ್ ಅಂತ ಮೊದಲು ಕೇಳಬೇಕು.

ದೀಪ ಹಚ್ಚಿದ ಯಾರಿಗಾದರೂ ಬತ್ತಿಯ ವಿಷಯ ಗೊತ್ತಿರುತ್ತದೆ ಅಲ್ವಾ? ಎಣ್ಣೆ ನೆನೆದ ಬತ್ತಿ ರಾತ್ರಿಯೆಲ್ಲ ಉರಿಯುತ್ತದೆ. ಒಣಬತ್ತಿ ತಾನೇ ಸುಟ್ಟುಹೋಗುತ್ತದೆ. ಇಲ್ಲೂ ಅಷ್ಟೇ. ಹೊಸ ಕಾಯಿಲ್ ಹಾಕಿದಾಗ ಬತ್ತಿ ಕಾಣುವ ಕಡೆ ಎರಡು ಮೂರು ಹನಿ ಲಿಕ್ವಿಡ್ ಬಿಟ್ಟು, ಟ್ಯಾಂಕ್ ತುಂಬಿ, ಹತ್ತು ನಿಮಿಷ ಸುಮ್ನೆ ಇಡಬೇಕು. ನಾನು ಮೊದಲ ದಿನ ಇಡಲಿಲ್ಲ. ಕಡಿಮೆ ವೋಲ್ಟಿನಿಂದ ಮೇಲಕ್ಕೆ ಹೋಗುವ ಬದಲು ಬಿರಡೆಯನ್ನು ನೇರ 4.8ಕ್ಕೆ ತಿರುಗಿಸಿ ಎಳೆದೆ. 1.8 ಓಮ್‌ನಲ್ಲಿ ಅದು ಹದಿಮೂರು ವಾಟ್ ಹತ್ತಿರ. ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದಾಗ ಮನೆಯವರೆಲ್ಲ ಕೆಮ್ಮುತ್ತಾರಲ್ಲ, ಆ ಕೆಮ್ಮು. ಕಾಯಿಲ್ ಹಾಳು, ಎರಡು ಪೌಂಡ್ ಹಾಳು. ಅವತ್ತಿನಿಂದ 3.6ರಲ್ಲಿ ಶುರು ಮಾಡಿ, ಸ್ವಲ್ಪ ಸ್ವಲ್ಪ ಏರಿಸಿ, ರುಚಿ ಸರಿ ಅನ್ನಿಸಿದ ಕಡೆ ನಿಲ್ಲಿಸುತ್ತೇನೆ. ನನಗೆ ಅದು 4 ವೋಲ್ಟ್, ಸುಮಾರು ಒಂಬತ್ತು ವಾಟ್. ಬಿರಡೆಯನ್ನು ಆಮೇಲೆ ತಿರುಗಿಸಿದ್ದೇ ಕಡಿಮೆ.

ಟ್ಯಾಂಕಿನ ವಿಷಯ ಇನ್ನೂ ಹೇಳಿಲ್ಲ, ಅದೇ ಮುಖ್ಯ. ಅವಳು ಕೊಟ್ಟದ್ದು ಆಸ್ಪೈರ್‌ನ ನಾಟಿಲಸ್ ಮಿನಿ. ಆಗಷ್ಟೇ ಬಂದಿತ್ತು. ಬ್ಯಾಟರಿಗಿಂತ ಅದಕ್ಕೇ ಜಾಸ್ತಿ ಕೊಟ್ಟೆ, ಇಪ್ಪತ್ತೆರಡು ಪೌಂಡ್. ಮೈ ಗಾಜಿನದ್ದು, ಹಾಗಾಗಿ ನಿಂಬೆ ಹಾಕಿದರೂ ಬಿರುಕು ಬಿಡುವುದಿಲ್ಲ. ಕಾಯಿಲ್ ಕೆಳಗಡೆ ನೆಟ್ಟಗೆ ನಿಂತಿರುತ್ತದೆ, ಲಿಕ್ವಿಡ್ ತಳದಲ್ಲಿದ್ದರೂ ಬತ್ತಿಗೆ ಸಿಗುತ್ತದೆ. ಬುಡದ ಉಂಗುರ ತಿರುಗಿಸಿದರೆ ಗಾಳಿ ಬರುವ ತೂತು ನಾಲ್ಕು ಅಳತೆಯಲ್ಲಿ ಬದಲಾಗುತ್ತದೆ. ಇದು ನನಗೆ ವೋಲ್ಟಿಗಿಂತ ದೊಡ್ಡ ವಿಷಯವಾಯಿತು. ಎರಡನೇ ಸಣ್ಣ ತೂತಿಗೆ ಇಟ್ಟರೆ ಎಳೆತ ಸಿಗರೇಟಿನಷ್ಟೇ ಬಿಗಿ. ಹೊಗೆ ಬಾಯಿಗೆ ತುಂಬಿಕೊಂಡು ಆಮೇಲೆ ಎದೆಗೆ ಇಳಿಸುವ ಹಳೇ ಅಭ್ಯಾಸ ಬದಲಾಗಬೇಕಿಲ್ಲ. ಹಗುರ ಎಳೆತದ, ಮೋಡದಷ್ಟು ಹೊಗೆ ಬಿಡುವ ಟ್ಯಾಂಕ್‌ಗಳನ್ನು ನೋಡಿದ್ದೇನೆ. ಬಸ್ ಸ್ಟಾಪಿನಲ್ಲಿ ಯಾರೋ ಧೂಪ ಹಾಕಿದ ಹಾಗಿರುತ್ತದೆ. ನನಗೆ ಬೇಕಾಗಿದ್ದು ಕಿಂಗ್ಸ್‌ನ ಬದಲಿ, ಹೋಮ ಅಲ್ಲ.

ಬ್ಯಾಟರಿಗೆ ಹೊಂದುವ ಟ್ಯಾಂಕ್ ಯಾವುದು ಅಂತ ಎಲ್ಲರೂ ಹೆದರುತ್ತಾರೆ. ಅಷ್ಟೇನಿಲ್ಲ. 510 ಅನ್ನೋ ತಿರುಪು ಇದ್ದರೆ ಸಾಕು. ಹಳೇ ಇ-ಸಿಗರೇಟಿನ ಒಂದು ಮಾಡೆಲ್ ನಂಬರ್ ಅದು. ಮಾಡೆಲ್ ಹೋಯಿತು, ತಿರುಪು ಉಳಿಯಿತು. ಆದರೆ ತಿರುಪು ಹೊಂದಿದ ಮಾತ್ರಕ್ಕೆ ಸಂಸಾರ ಹೊಂದುವುದಿಲ್ಲ. ಬ್ಯಾಟರಿಯ ತಾಕತ್ತು, ಕಾಯಿಲ್‌ನ ಓಮ್ ಎರಡೂ ಕೂಡಬೇಕು. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ.

ನನ್ನ ಪೆದ್ದತನದ ಒಂದು ಕತೆ. ಸೋರಬಾರದು ಅಂತ ಟ್ಯಾಂಕನ್ನು ಕೊಡದ ನಲ್ಲಿ ಬಿಗಿದ ಹಾಗೆ ಬಿಗಿದೆ. ಒಂದು ವಾರಕ್ಕೆ ಬ್ಯಾಟರಿ ದೀಪ ಮಿಣುಕುತ್ತದೆ, ಆವಿ ಇಲ್ಲ. ಸತ್ತೇಹೋಯಿತು ಅಂತ ಅಂಗಡಿಗೆ ಓಡಿದೆ. ಅವಳು ಗುಂಡಿಯನ್ನು ಐದು ಸಲ ಒತ್ತಿ ಆಫ್ ಮಾಡಿದಳು. ತಿರುಪಿನ ನಡುವೆ ಒಂದು ಪುಟ್ಟ ಪಿನ್ ಇರುತ್ತದೆ, ನಾನು ಬಿಗಿದ ಬಿಗಿತಕ್ಕೆ ಅದು ಒಳಗೆ ಕೂತುಬಿಟ್ಟಿತ್ತು. ಹಲ್ಲುಕಡ್ಡಿ ತುದಿಯಿಂದ ಒಂದು ಕೂದಲಿನಷ್ಟು ಮೇಲಕ್ಕೆ ಎಬ್ಬಿಸಿದಳು. ಸರಿಹೋಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. ತಾಗಿದ ಮೇಲೆ ನಿಲ್ಲಿಸು, ಬೆರಳ ತುದಿಯ ಬಲ ಸಾಕು ಅಂದಳು. ಹಾಗೇ ಕೀ ಗೊಂಚಲಿನ ಜೊತೆ ಜೇಬಿಗೆ ಹಾಕಿ ಬಿರಡೆ ತಾನಾಗಿ ತಿರುಗಿದ್ದೂ ನನ್ನದೇ ತಪ್ಪು.

ಕೊರತೆ ಇಲ್ಲವೇ ಅಂದರೆ, ಇದೆ. ತೆಳು ಬ್ಯಾಟರಿಯ ಮೇಲೆ ದಪ್ಪ ಟ್ಯಾಂಕ್, ತಲೆಭಾರ. ಮೇಜಿನ ಮೇಲೆ ನಿಲ್ಲಿಸಿದರೆ ಉರುಳುತ್ತದೆ. ಎರಡು ಗಾಜು ಒಡೆದಿದ್ದೇನೆ. 2 ಮಿಲೀ ಟ್ಯಾಂಕ್ ಸಂಜೆಗೆ ಖಾಲಿ. ದೊಡ್ಡ ನಾಟಿಲಸ್‌ನಲ್ಲಿ 5 ಮಿಲೀ ಇತ್ತು, ಅದನ್ನೇ ಕೊಳ್ಳಬೇಕಿತ್ತು ಅಂತ ಆಗ ಅನ್ನಿಸಿತ್ತು. ಆದರೆ 2017ರ ಮೇ 20ರಿಂದ ಅಂಗಡಿಗಳಲ್ಲಿ ಹೊಸ ನಿಯಮ. ಟ್ಯಾಂಕ್ 2 ಮಿಲೀ ಮೀರಬಾರದು, ನಿಕೋಟಿನ್ ಲಿಕ್ವಿಡ್ ಬಾಟಲಿ 10 ಮಿಲೀ ಮೀರಬಾರದು, ನಿಕೋಟಿನ್ ಮಿಲೀಗೆ 20 ಮಿಲಿಗ್ರಾಂ ಮೀರಬಾರದು. ನನ್ನದು ಮೊದಲೇ ಕಾನೂನಿನ ಅಳತೆಗೆ ಹೊಲಿಸಿದ ಹಾಗಿತ್ತು.

ಹನ್ನೊಂದು ವರ್ಷದಲ್ಲಿ ಬ್ಯಾಟರಿ ಮೂರು ಸತ್ತವು. ಟ್ಯಾಂಕ್ ಅದೇ. ಯಾಕೆಂದರೆ ಅದರ ಕಾಯಿಲ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಆ ಕಾಲದಲ್ಲಿ ಗೆಳೆಯರು ಕೊಂಡ ಚೆಂದದ ಟ್ಯಾಂಕ್‌ಗಳು ಎಷ್ಟೋ ಕಾಯಿಲ್ ಸಿಗದೆ ಕಸದ ಬುಟ್ಟಿ ಸೇರಿದವು. ಹುಬ್ಬಳ್ಳಿ ಹುಡುಗನಿಗೂ ಅದನ್ನೇ ಹೇಳಿದೆ. ಮೊದಲು ಐದರ ಕಾಯಿಲ್ ಪ್ಯಾಕ್ ಎಷ್ಟು, ನಾಲ್ಕು ಕಡೆ ಸಿಗುತ್ತದಾ ನೋಡು. ಆಮೇಲೆ ಟ್ಯಾಂಕ್. ಬ್ಯಾಟರಿ ಕೊನೆಗೆ. ನನಗೆ ಒಂದು ಕಾಯಿಲ್ ಎರಡು ವಾರ ಬರುತ್ತದೆ, ಸಿಹಿ ಜಾಸ್ತಿ ಇರುವ ಲಿಕ್ವಿಡ್ ಹಾಕಿದರೆ ಒಂದೇ ವಾರಕ್ಕೆ ಕಪ್ಪಾಗುತ್ತದೆ. ಖರ್ಚು ಅಲ್ಲಿದೆ. ಲಿಕ್ವಿಡ್‌ಗೂ 2026ರ ಅಕ್ಟೋಬರ್ 1ರಿಂದ 10 ಮಿಲೀಗೆ 2.20 ಪೌಂಡ್ ಸುಂಕ ಅಂತ ಸರ್ಕಾರ ಹೇಳಿದೆ. ದಿನಕ್ಕೆ ಎಷ್ಟು ಮಿಲೀ ಕುಡಿಯುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೋಡ ಬಿಡುವ ಟ್ಯಾಂಕ್ ಈ ಲೆಕ್ಕದಲ್ಲಿ ದಿವಾಳಿ.

ಒಂದು ಎಚ್ಚರಿಕೆಯನ್ನೂ ಹೇಳಿದೆ. ನಾಟಿಲಸ್ ಸರಣಿಯಲ್ಲೇ ಈಗ 0.7 ಓಮ್ ಕಾಯಿಲ್ ಕೂಡ ಬರುತ್ತದೆ. ಪೆಟ್ಟಿಗೆ ಒಂದೇ ತರ ಇರುತ್ತದೆ, ಅವಸರದಲ್ಲಿ ತಪ್ಪಿ ಅದನ್ನು ತಂದರೆ 4 ವೋಲ್ಟಿಗೆ ಒಂಬತ್ತರ ಬದಲು ಇಪ್ಪತ್ತಮೂರು ವಾಟ್. ಹಳೇ ಪೆನ್ ಬ್ಯಾಟರಿ ಅಷ್ಟು ಕೊಡಲಾರದು, ಕೊಡಿಸಲೂಬಾರದು. ಈಗಿನ ಸಣ್ಣ ಡಬ್ಬಿಯಂಥ ಬ್ಯಾಟರಿಗಳಲ್ಲಿ ವೋಲ್ಟ್ ಬದಲು ನೇರ ವಾಟ್ ಬರೆದಿರುತ್ತದೆ, ಕಾಯಿಲ್ ಮೇಲೂ ವಾಟ್ ಬರೆದಿರುತ್ತದೆ. ಎರಡನ್ನೂ ಹೊಂದಿಸಿದರೆ ಆಯಿತು, ನಮ್ಮ ಕಾಲದ ಭಾಗಾಕಾರ ಬೇಡ. ಚಾರ್ಜಿಗೆ ಹಾಕಿ ಮಲಗಬೇಡ ಅಂತಲೂ ಸೇರಿಸಿದೆ. ಅದಕ್ಕೆ ಅವನು ತಲೆಯಾಡಿಸಿದ ರೀತಿಯಲ್ಲೇ ಮಲಗುತ್ತಾನೆ ಅಂತ ಗೊತ್ತಾಯಿತು.

ಇದನ್ನು ಊರಲ್ಲಿ ಕೂತು ಓದುತ್ತಿರುವವರು ಕೊಳ್ಳುವ ಯೋಚನೆ ಬಿಡಿ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು. 2019ರಿಂದ ಇಡೀ ದೇಶದಲ್ಲಿ ಮಾರುವುದು, ತರಿಸುವುದು ಎಲ್ಲಾ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಾನು ರಜೆಗೆ ಹೊರಡುವಾಗ ಟ್ಯಾಂಕ್ ಖಾಲಿ ಮಾಡಿ, ತೊಳೆದು, ಡ್ರಾಯರಿನಲ್ಲಿ ಇಟ್ಟು ಬರುತ್ತೇನೆ. ಜೇಬಿನಲ್ಲಿ ನಿಕೋಟಿನ್ ಗಮ್. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದ ಮೇಲೆ ಆ ಗಮ್ ಅಗಿಯುವುದು ಎಷ್ಟು ಕಷ್ಟ ಅಂತ ಏನು ಹೇಳಲಿ. ಲಿಕ್ವಿಡ್‌ನ ನಿಕೋಟಿನ್ ಲೆಕ್ಕದಲ್ಲಿ 18ರಿಂದ 12, ಆಮೇಲೆ 6, ಈಗ 3 ಮಿಲಿಗ್ರಾಂಗೆ ಇಳಿದಿದ್ದೇನೆ. ಅಲ್ಲೇ ನಿಂತಿದ್ದೇನೆ.

ಹುಡುಗ ಶನಿವಾರ ಹೋಗಿ ಕೊಂಡನಂತೆ. ಭಾನುವಾರ ಬೆಳಿಗ್ಗೆ ಮೆಸೇಜ್: "ಅಣ್ಣಾ, ಸುಟ್ಟ ವಾಸನೆ ಬರ್ತಾ ಇದೆ." ಹತ್ತು ನಿಮಿಷ ಬತ್ತಿ ನೆನೆಯಲು ಬಿಟ್ಟೆಯಾ ಅಂತ ಕೇಳಿದೆ. ಎರಡು ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.