ಮಂಡಿನೋವಿಗೆ ಪೊಟ್ಟಣದ ಮಾತ್ರೆ, ಹೊಟ್ಟೆ ಉರಿಗೆ ಸೋಡಾಪುಡಿ: ದಯವಿಟ್ಟು ಹೀಗೆ ಮಾಡಬೇಡಿ

ಮನೆಯಲ್ಲಿ ಯಾರಾದರೂ ಪದೇಪದೇ "ಗ್ಯಾಸ್ಟ್ರಿಕ್" ಅಂತ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರೆ, ಅದಕ್ಕೆ ಮದ್ದು ಹುಡುಕುವ ಮೊದಲು ಅವರು ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ನೋಡಿ. ಜೇಬು, ದಿಂಬಿನ ಅಡಿ, ಎಲೆಅಡಿಕೆ ಸಂಚಿ ಎಲ್ಲ ನೋಡಿ. ನಮ್ಮ ಅಪ್ಪಯ್ಯನ ಪೊಟ್ಟಣ ಸಿಕ್ಕಿದ್ದು ಸಂಚಿಯಲ್ಲೇ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕೊಯ್ಲು ಶುರುವಾದರೆ ಊಟಕ್ಕೆ ಹೊತ್ತುಗೊತ್ತು ಇರುವುದಿಲ್ಲ. ರಾತ್ರಿ ಸುಲಿತ, ನಡುನಡುವೆ ಕಾಫಿ. ಮೆಟ್ಟುಗತ್ತಿ ಮುಂದೆ ಕೂತು ಕೂತು ಅಪ್ಪಯ್ಯನಿಗೆ ಸೊಂಟ, ಮಂಡಿ ಎರಡೂ ಹಿಡಿದುಕೊಂಡಿದ್ದವು. ಪೇಟೆಯ ಒಂದು ಮೆಡಿಕಲ್ ಶಾಪಿನವರು ಬಿಡಿ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಡಾಕ್ಟರ ಚೀಟಿ ಕೇಳಲಿಲ್ಲ, ಬಿಲ್ ಕೊಡಲಿಲ್ಲ, ಮಾತ್ರೆಯ ಹೆಸರೂ ಹೇಳಲಿಲ್ಲ. ನೋವು ಇಳಿಯಿತು. ಖಾಲಿಯಾದಾಗಲೆಲ್ಲ ಅಪ್ಪಯ್ಯ ಮತ್ತೆ ತಂದರು.

ಹೊಟ್ಟೆ ಉರಿ ಶುರುವಾದದ್ದು ಅದಾದ ಮೇಲೆ. ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲಿಲ್ಲ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿದರು. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಪಕ್ಕದ ಮನೆಯವರು ಬಂದು, "ಸೋಡಾಪುಡಿಗೆ ನಿಂಬೆಹುಳಿ ಹಿಂಡಿ ಕುಡೀರಿ ಮಾರಾಯ್ರೇ, ಎಂಥದೂ ಇರಲ್ಲ ಆಮೇಲೆ" ಎಂದರು. ಕುಡಿದ ಕೂಡಲೇ ದೊಡ್ಡ ತೇಗು ಬರುತ್ತಿತ್ತು, ಹೊಟ್ಟೆ ಹಗುರಾಗುತ್ತಿತ್ತು. ತೊಂದರೆ ಆದದ್ದೇ ಅಲ್ಲಿ. ಮದ್ದು ಕೆಲಸ ಮಾಡಿದಂತೆ ಕಂಡಿತು. ಹಾಗಾಗಿ ಡಾಕ್ಟರ ಹತ್ತಿರ ಹೋಗುವ ಮಾತೇ ಬರಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿಂದ ಬರುವಾಗ ತಲೆಸುತ್ತಿ ಬಿದ್ದರು. ಮೈಯೆಲ್ಲ ಬೆವರು, ಮುಖ ಬಿಳಿಚಿಕೊಂಡಿತ್ತು. ಗಾಡಿ ಮಾಡಿಕೊಂಡು ಮಂಡಗದ್ದೆ ದಾಟಿ ಶಿವಮೊಗ್ಗಕ್ಕೆ ಹೋಗುವಾಗ, ಹಿಂದಿನ ಸೀಟಿನಲ್ಲಿ ಒರಗಿಕೊಂಡೇ ಅಪ್ಪಯ್ಯ ಮೊದಲ ಸಲ ಬಾಯಿಬಿಟ್ಟರು. ಕೆಲವು ದಿನದಿಂದ ಕಪ್ಪಗೆ ಭೇದಿ ಆಗುತ್ತಿತ್ತಂತೆ. ಬಸಳೆ ಸಾರು ತಿಂದದ್ದಕ್ಕೆ ಇರಬೇಕು ಅಂತ ಸುಮ್ಮನಿದ್ದರಂತೆ!

ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಜಠರದಲ್ಲಿ ಹುಣ್ಣು ಕಂಡಿತು. ಅದರಿಂದ ರಕ್ತ ಒಸರುತ್ತಿತ್ತು. ರಕ್ತ ಏರಿಸಬೇಕಾಯಿತು. ಪೊಟ್ಟಣದಲ್ಲಿ ಉಳಿದಿದ್ದ ಮಾತ್ರೆಗಳ ಮೇಲಿನ ಅಚ್ಚು ಓದಿ ನೋಡಿದ ಡಾಕ್ಟರ್ ಒಂದನ್ನು ಗುರುತಿಸಿದರು: ಡೈಕ್ಲೊಫೆನಾಕ್. ಅದನ್ನು ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ.

ಅವರು ವಿವರಿಸಿದ್ದು ಇಷ್ಟು. ಜಠರದಲ್ಲಿ ಊರುವ ಆಮ್ಲ ಜಠರವನ್ನೇ ಸುಡದಂತೆ ಒಳಗೋಡೆಗೆ ಲೋಳೆಯ ಪದರ ಇರುತ್ತದೆ. ಆ ಪದರ ಗಟ್ಟಿಯಾಗಿರಲು ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಎಲ್ಲ ಅದನ್ನೇ ತಗ್ಗಿಸುತ್ತವೆ. ನೋವು ಇಳಿಯುವುದೂ ಅದರಿಂದಲೇ, ಹೊಟ್ಟೆ ಹುಣ್ಣಾಗುವುದೂ ಅದರಿಂದಲೇ. "ಸೂಜಿ ಹಾಕಿಸಿದರೆ ಹೊಟ್ಟೆಗೆ ಏನಾಗಲ್ಲ" ಎನ್ನುವವರಿದ್ದಾರೆ. ಸುಳ್ಳು. ರಕ್ತದ ಮೂಲಕವೂ ಇದೇ ಆಗುತ್ತದೆ. ವಯಸ್ಸಾದವರಿಗೆ, ಸ್ಟೀರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಹಾಗಂತ ಹೃದಯಕ್ಕೆ ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ನನ್ನು ನೀವೇ ನಿಲ್ಲಿಸಬೇಡಿ. ಕೇಳಿ ಮುಂದುವರಿಯಿರಿ.

ಇನ್ನು ಸೋಡಾಪುಡಿ. ಒಂದು ಟೀ ಚಮಚದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದೊಡ್ಡವರು ದಿನಕ್ಕೆ 2,000 ಮಿಲಿಗ್ರಾಂ ಒಳಗೆ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪಯ್ಯನಿಗೆ ಬಿಪಿ ಬೇರೆ ಇತ್ತು. ತಣ್ಣನೆ ಹಾಲೂ ಅಷ್ಟೆ, ಕುಡಿದಾಗ ಹಾಯೆನಿಸಿದರೂ ಸ್ವಲ್ಪ ಹೊತ್ತಿಗೆ ಆಮ್ಲ ಇನ್ನಷ್ಟು ಊರುತ್ತದೆ. ಜೀರಿಗೆ ಕಷಾಯ, ಒಂದೆಲಗದ ತಂಬುಳಿ ಇವನ್ನು ನಾನು ಬಯ್ಯುವುದಿಲ್ಲ. ಅಪರೂಪಕ್ಕೆ ಹೊಟ್ಟೆ ಕೆಟ್ಟಾಗ ನಮ್ಮನೆಯಲ್ಲಿ ಈಗಲೂ ಮಾಡುತ್ತೇವೆ. ಆದರೆ ವಾರಗಟ್ಟಲೆ ಉರಿಯುತ್ತಿದ್ದರೆ ಅದು ಕಷಾಯದ ಕೆಲಸ ಅಲ್ಲ.

ಎಂಡೋಸ್ಕೋಪಿ ಮಾಡುವಾಗಲೇ ಜಠರದ ಒಳಗೋಡೆಯಿಂದ ತೆಗೆದ ಚೂರನ್ನು ಪರೀಕ್ಷಿಸಿದಾಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವೂ ಸಿಕ್ಕಿತು. ಹಿಂದೆಲ್ಲ ಹೊಟ್ಟೆಹುಣ್ಣಿಗೆ ಖಾರ, ಚಿಂತೆಗಳನ್ನೇ ದೂರುತ್ತಿದ್ದರು. ಆಸ್ಟ್ರೇಲಿಯಾದ ಡಾಕ್ಟರುಗಳಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಹುಣ್ಣಿಗೆ ಇದೂ ಕಾರಣ ಎಂದರೆ ಜನ ನಂಬಲಿಲ್ಲ ಎಂದು ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಗ್ಯಾಸ್ಟ್ರೈಟಿಸ್, ಅಂದರೆ ಜಠರದ ಉರಿಯೂತ, ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಪ್ಪಯ್ಯನಿಗೆ ಇದಕ್ಕಾಗಿ 14 ದಿನ ಆ್ಯಂಟಿಬಯೋಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ ಒಟ್ಟಿಗೆ ಕೊಟ್ಟರು. ನಡುವೆ ನಿಲ್ಲಿಸುವ ಹಾಗಿಲ್ಲ. ಮುಗಿದು ಕನಿಷ್ಠ ನಾಲ್ಕು ವಾರ ಬಿಟ್ಟು, ಬ್ಯಾಕ್ಟೀರಿಯಾ ಹೋಗಿದೆಯಾ ಎಂದು ಮತ್ತೆ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಎರಡು ವಾರ ಮೊದಲು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನಿಲ್ಲಿಸಿರಬೇಕು, ಇಲ್ಲವಾದರೆ ಇದ್ದರೂ ಇಲ್ಲ ಅಂತ ಬರಬಹುದು. ಯಾವಾಗ ನಿಲ್ಲಿಸುವುದು ಅಂತ ಡಾಕ್ಟರನ್ನೇ ಕೇಳಿ, ಹುಣ್ಣು ಇದ್ದವರಂತೂ ಕೇಳಲೇಬೇಕು.

ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥದ್ದು ಕಂಡರೆ, ಹೊಟ್ಟೆ ಕಲ್ಲಿನಂತೆ ಬಿಗಿದು ನೋವು ತಡೆಯಲಾಗದಿದ್ದರೆ, ಕಾಯಬೇಡಿ. ಎದೆಗುಂಡಿಯ ಹತ್ತಿರ ನೋವಿನ ಜೊತೆ ಬೆವರು, ಉಸಿರು ಕಟ್ಟುವುದು, ತೋಳು ಅಥವಾ ದವಡೆಗೆ ನೋವು ಹರಡುವುದು ಇದ್ದರೆ ಅದನ್ನು ಗ್ಯಾಸ್ ಅಂದುಕೊಳ್ಳದೆ ಮೊದಲು ಇಸಿಜಿ ಮಾಡಿಸಿ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ತೀರ್ಮಾನಿಸುವುದು ಡಾಕ್ಟರಿಗೆ ಬಿಡಿ.

ಆಮೇಲೆ ನಾನು ಆ ಅಂಗಡಿಗೆ ಹೋಗಿ ಕೇಳಿದೆ. "ಎಲ್ಲರಿಗೂ ಇದನ್ನೇ ಕೊಡೋದು, ಯಾರೂ ಏನೂ ಹೇಳಿಲ್ಲ" ಎಂದರು. ಹೇಳದವರ ಮನೆಯಲ್ಲಿ ಏನಾಗಿದೆಯೋ ಯಾರಿಗೆ ಗೊತ್ತು, ಅಲ್ವಾ? ಮಾತ್ರೆ ತರುವಾಗ ಹೆಸರು, ಎಕ್ಸ್‌ಪೈರಿ ತಾರೀಖು ಕಾಣುವಂತೆ ಸ್ಟ್ರಿಪ್ ಸಮೇತ ಕೇಳಿ, ಬಿಲ್ ತೆಗೆದುಕೊಳ್ಳಿ. ಕಾಗದದಲ್ಲಿ ಕಟ್ಟಿಕೊಟ್ಟರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.