ಸಂಘದ ಜಗಳಕ್ಕೆ ಮೂವತ್ತು ಜೋಡಿ ವಾಕ್ಯ: ಥಾಮಸ್-ಕಿಲ್ಮನ್ ಪ್ರಶ್ನಪತ್ರಿಕೆ ತರಿಸಬಹುದೇ?

ಮುಂಬಯಿಯ ಕನ್ನಡ ಸಂಘಗಳಲ್ಲಿ ಜಗಳ ಹಣದಿಂದ ಶುರುವಾಗುವುದು ಕಡಿಮೆ. ಸನ್ಮಾನದ ಪಟ್ಟಿಯಿಂದ ಶುರುವಾಗಿ ಕೊನೆಗೆ ಹಣಕ್ಕೆ ಬಂದು ನಿಲ್ಲುತ್ತದೆ. ವೇದಿಕೆ ಮೇಲೆ ಎಷ್ಟು ಕುರ್ಚಿ, ಆಮಂತ್ರಣದಲ್ಲಿ ಯಾರ ಹೆಸರು ಮೊದಲು, ಶಾಲು ಹೊದಿಸುವವರು ಯಾರು ಎಂಬುದೇ ಮೂಲ. ಭಿನ್ನಾಭಿಪ್ರಾಯ ಬಂದಾಗ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂದು ತೋರಿಸುವ, ಕಂಪನಿಗಳ ತರಬೇತಿಯಲ್ಲಿ ದಶಕಗಳಿಂದ ಓಡುತ್ತಿರುವ ಥಾಮಸ್-ಕಿಲ್ಮನ್ ಪ್ರಶ್ನಪತ್ರಿಕೆ ಇಂಥ ಸಮಿತಿಗೆ ಹೊಂದುತ್ತದೆಯೇ ಎಂದು ಕೇಳಿದರೆ, ಹೊಂದುತ್ತದೆ. ಆದರೆ ಜಗಳ ಹತ್ತಿ ಉರಿಯುತ್ತಿರುವ ದಿನವಲ್ಲ.

ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಇದನ್ನು 1974ರಲ್ಲಿ ರೂಪಿಸಿದರು. ಒಟ್ಟು 30 ಜೋಡಿ ವಾಕ್ಯಗಳು. ಪ್ರತಿ ಜೋಡಿಯಲ್ಲೂ ಎ ಅಥವಾ ಬಿ, ಒಂದನ್ನು ಆರಿಸಲೇಬೇಕು. ಎರಡೂ ಕೇಳಲು ಸಮಾನವಾಗಿ ಒಳ್ಳೆಯವಾಗಿರುವಂತೆ ಹೆಣೆದಿದ್ದಾರೆ, ಹಾಗಾಗಿ 'ಸಜ್ಜನನ ಉತ್ತರ' ಹುಡುಕಿ ಗುರುತು ಹಾಕುವುದು ಸುಲಭವಲ್ಲ. ಅಂಕ ಬೀಳುವುದು ಐದು ರೀತಿಗಳಿಗೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ಜಾರಿಕೊಳ್ಳುವುದು, ರಾಜಿಯಾಗುವುದು, ಕೂಡಿ ದಾರಿ ಹುಡುಕುವುದು. ಪ್ರತಿ ರೀತಿ 12 ಸಲ ಬರುತ್ತದೆ, ಆದ್ದರಿಂದ ಒಂದರಲ್ಲಿ ಗರಿಷ್ಠ 12. ಐದೂ ಕೂಡಿಸಿದರೆ 30 ಆಗಲೇಬೇಕು. ಆಗದಿದ್ದರೆ ಯಾವುದೋ ಜೋಡಿ ಖಾಲಿ ಬಿಟ್ಟಿದೆ ಅಥವಾ ಎಣಿಕೆ ತಪ್ಪಿದೆ. ಕಾಗದದ ಪ್ರತಿಯಲ್ಲಿ ಮೊದಲು ಇದನ್ನೇ ನೋಡಿ.

ಇದರ ನಿಜವಾದ ಬೆಲೆ ಕೊನೆಯ ಎರಡು ರೀತಿಗಳನ್ನು ಬೇರೆ ಮಾಡಿ ತೋರಿಸುವುದರಲ್ಲಿದೆ. ನಮ್ಮ ಸಭೆಗಳಲ್ಲಿ 'ಹೋಗಲಿ ಬಿಡಿ, ನಡುವೆ ಎಲ್ಲಾದರೂ ಮಾಡೋಣ' ಎಂದರೆ ಅದೇ ಸಾಮರಸ್ಯ. ರಾಜ್ಯೋತ್ಸವಕ್ಕೆ ಅಧ್ಯಕ್ಷರು ಎಂಟು ಸನ್ಮಾನ ಬೇಕೆನ್ನುತ್ತಾರೆ, ಕೋಶಾಧಿಕಾರಿ ಮೂರು ಸಾಕೆನ್ನುತ್ತಾರೆ ಎಂದುಕೊಳ್ಳಿ. ಐದಕ್ಕೆ ನಿಲ್ಲಿಸಿದರೆ ರಾಜಿ, ಇಬ್ಬರಿಗೂ ಅಸಮಾಧಾನ. 'ಎಂಟು ಯಾಕೆ?' 'ಮೂರು ಯಾಕೆ?' ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಎಂಟರಲ್ಲಿ ಐವರು ಸ್ಮರಣ ಸಂಚಿಕೆಗೆ ಜಾಹೀರಾತು ಕೊಟ್ಟವರು. ಅವರ ಋಣ ತೀರಿಸಬೇಕು. ಅತ್ತ ಒಂದು ಸನ್ಮಾನಕ್ಕೆ ಪರಿಚಯ, ಶಾಲು, ಪೇಟ, ಫಲಪುಷ್ಪ, ಫೋಟೊ, 'ಎರಡೇ ಮಾತು' ಎಲ್ಲ ಸೇರಿ ಎಂಟು ನಿಮಿಷ. ಎಂಟು ಜನಕ್ಕೆ ಒಂದು ಗಂಟೆ ದಾಟಿತು. ಬಣ್ಣ ಹಚ್ಚಿಕೊಂಡ ಯಕ್ಷಗಾನದವರು ಚೌಕಿಯಲ್ಲಿ ಬೆವರುತ್ತಾ ಕೂತಿರುತ್ತಾರೆ, ಹಾಲ್‌ನವರು ಹೆಚ್ಚುವರಿ ಬಾಡಿಗೆ ಎಣಿಸುತ್ತಿರುತ್ತಾರೆ. ಎರಡೂ ಕಾರಣ ಮುಂದಿಟ್ಟುಕೊಂಡರೆ ದಾರಿ ಕಾಣುತ್ತದೆ: ವೇದಿಕೆಯಲ್ಲಿ ಸನ್ಮಾನ ಮೂವರು ಸಾಧಕರಿಗೆ ಮಾತ್ರ. ಜಾಹೀರಾತು ಕೊಟ್ಟ ಐವರಿಗೆ ಸಂಚಿಕೆಯ ಬಿಡುಗಡೆ ಅವರ ಕೈಯಿಂದಲೇ, ಒಂದೇ ಫೋಟೊ, ಐದು ನಿಮಿಷ. ಇಬ್ಬರಿಗೂ ಬೇಕಾದ್ದು ಸಿಕ್ಕಿತು, ಸಂಖ್ಯೆಯ ಜಗಳ ಉಳಿಯಲಿಲ್ಲ.

ಹಾಗೆಂದು ಎಲ್ಲದಕ್ಕೂ ಕೂಡಿ ದಾರಿ ಹುಡುಕುತ್ತಾ ಕೂತರೆ ಬೆಳಗಾಗುತ್ತದೆ. ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂಬುದಕ್ಕೆ ಬಿಟ್ಟುಕೊಡುವುದೇ ಜಾಣತನ. ವೇದಿಕೆಯ ಹಿಂದೆ ವೈರು ಸುಲಿದು ನೇತಾಡುತ್ತಿದ್ದರೆ ಒಬ್ಬರು ಪಟ್ಟು ಹಿಡಿಯಲೇಬೇಕು. ಕೋಪ ನೆತ್ತಿಗೇರಿದಾಗ ಮುಂದಿನ ವಾರಕ್ಕೆ ತಳ್ಳುವುದು ಹೇಡಿತನವಲ್ಲ. ಐದರಲ್ಲಿ ಯಾವುದೂ ಕೆಟ್ಟದ್ದಲ್ಲ ಎಂದೇ ಪ್ರಶ್ನಪತ್ರಿಕೆಯ ವಿವರಣೆಯೂ ಹೇಳುತ್ತದೆ. ಜನ ಓದದೆ ಬಿಡುವ ಭಾಗವೂ ಅದೇ.

ಎಡವಟ್ಟಾಗುವುದು ಅಂಕಗಳನ್ನು ಗೋಡೆಗೆ ಅಂಟಿಸಿದಾಗ. 'ನಿಮ್ಮದು ಜಾರಿಕೊಳ್ಳುವುದು 10' ಎಂಬುದು ಮರುದಿನವೇ ಅಡ್ಡಹೆಸರಾಗುತ್ತದೆ. ಲೆಕ್ಕದ ಪ್ರಕಾರವೂ ಅದು ಸರಿಯಲ್ಲ: ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು, ಹಾಗಾಗಿ ಈ ಅಂಕ ಒಬ್ಬರೊಳಗಿನ ಒಲವನ್ನು ಹೇಳುತ್ತದೆಯೇ ಹೊರತು ಇಬ್ಬರಲ್ಲಿ ಯಾರು ಹೆಚ್ಚು ಹಟಮಾರಿ ಎಂದು ಹೇಳುವುದಿಲ್ಲ. ನಿಮ್ಮ ಅಂಕವನ್ನು ಇತರರ ಅಂಕದೊಂದಿಗೆ ಹೋಲಿಸಲು ಜೊತೆಗಿರುವ ಶೇಕಡಾವಾರು ಪಟ್ಟಿ ಅಮೆರಿಕದ ಉದ್ಯೋಗಸ್ಥರ ಉತ್ತರಗಳಿಂದ ಕಟ್ಟಿದ್ದು. ಮುಂಬಯಿಯ ಮಾಟುಂಗಾದಲ್ಲಿ ಅದನ್ನು ಪಕ್ಕಕ್ಕಿಡಬಹುದು. ಇನ್ನೊಂದು ತೊಡಕು, ಯಾವ ಸಂದರ್ಭವನ್ನು ನೆನೆದು ಉತ್ತರಿಸಬೇಕು ಎಂಬುದು. ಆಫೀಸಿನಲ್ಲಿ ಗುಡುಗುವವರು ಸಂಘದಲ್ಲಿ ಹಿರಿಯರೆದುರು ಬಾಯಿ ಬಿಡುವುದಿಲ್ಲ. 'ಈ ಸಮಿತಿಯಲ್ಲಿ ಕಳೆದ ಒಂದು ವರ್ಷ ನಾನು ಹೇಗಿದ್ದೆ' ಎಂದು ಮೊದಲೇ ಗೆರೆ ಎಳೆಯಿರಿ. ಇಂಗ್ಲಿಷ್ ಪ್ರತಿಯನ್ನು ಒಬ್ಬರು ಕನ್ನಡದಲ್ಲಿ ವಿವರಿಸುವುದಾದರೆ ಬರೆದಿಟ್ಟುಕೊಂಡ ಒಂದೇ ಅನುವಾದವನ್ನು ಎಲ್ಲರಿಗೂ ಓದಲಿ. ಬಾಯಿಗೆ ಬಂದಂತೆ ಬಿಡಿಸಿ ಹೇಳಿದರೆ ಎರಡು ವಾಕ್ಯಗಳ ಸಮತೂಕ ಕೆಡುತ್ತದೆ.

ಈ ಸಭೆಯನ್ನು ಭಾನುವಾರ ಸಂಜೆ ಐದಕ್ಕೆ ಇಡಿ. ಹಳಿ ದುರಸ್ತಿಗೆ ಲೋಕಲ್ ರೈಲು ತಡೆಯುವ ಮೆಗಾ ಬ್ಲಾಕ್ ಮುಗಿದು ದೂರದ ಡೊಂಬಿವಲಿಯವರೂ ಬಂದು ತಲುಪಿರುತ್ತಾರೆ. ಉತ್ತರಕ್ಕೆ 15 ನಿಮಿಷ, ಎಣಿಕೆಗೆ 10. ಆಮೇಲೆ ಅಂಕ ಹೇಳಿಸದೆ ಪ್ರತಿಯೊಬ್ಬರಿಂದ ಒಂದೇ ಮಾತು: 'ಯಾವ ರೀತಿಯನ್ನು ನಾನು ಬಳಸುವುದೇ ಇಲ್ಲ?' ಇಲ್ಲಿಗೆ 30 ನಿಮಿಷ ಕೊಡಿ, ಇಡೀ ಸಂಜೆಯಲ್ಲಿ ಹುರುಳಿರುವುದು ಈ ಅರ್ಧ ಗಂಟೆಯಲ್ಲೇ. ನಂತರ ಬಾಕಿ ಇರುವ ಒಂದು ಸಣ್ಣ ವಿಷಯವನ್ನು ಎತ್ತಿಕೊಂಡು ಮೇಲಿನ 'ಯಾಕೆ' ಪ್ರಶ್ನೆಯಿಂದ ಬಿಡಿಸಿ, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಯಾರು, ಏನು, ಯಾವ ದಿನದೊಳಗೆ ಎಂದು ಬರೆಯಿರಿ.

ಪ್ರಶ್ನಪತ್ರಿಕೆಯನ್ನು ಪ್ರತಿ ತಲೆಗೆ ಒಂದರಂತೆ ಹಣ ಕೊಟ್ಟು ಕೊಳ್ಳಬೇಕು, ಜೆರಾಕ್ಸ್ ಮಾಡುವಂತಿಲ್ಲ. ನಲವತ್ತು ಜನರ ಮಹಾಸಭೆಗೆ ಅದು ದಂಡ; ಪದಾಧಿಕಾರಿಗಳಾದ ಏಳೆಂಟು ಮಂದಿಗೆ ಸಾಕು. ರಸೀದಿ ಪುಸ್ತಕ ಕಾಣೆಯಾಗಿದೆ, ಲೆಕ್ಕ ತಾಳೆಯಾಗುತ್ತಿಲ್ಲ ಎಂಬ ತಕರಾರಿದ್ದರೆ ಇದನ್ನು ತರಿಸಲೇಬೇಡಿ. ಅದು ಸ್ವಭಾವಗಳ ಜಗಳವಲ್ಲ, ಆಡಿಟರನ್ನು ಕರೆಸಿ.