ಚುಕ್ಕೆ ಹೋಯಿತೆಂದು ಮೀನನ್ನು ಮುಖ್ಯ ಟ್ಯಾಂಕಿಗೆ ಬಿಡಬೇಡಿ

ಉಪ್ಪುನೀರಿನ ಮೀನು ಸಾಕುವವರು ಮುಂದಿನ ಮೀನು ತರುವ ಮೊದಲು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಮನೆಯೊಂದರ 4 ಅಡಿ ರೀಫ್ ಟ್ಯಾಂಕಿನಲ್ಲಿದ್ದ (ಹವಳ ಬೆಳೆಸುವ ಟ್ಯಾಂಕ್) 7 ಮೀನುಗಳಲ್ಲಿ 5 ಸತ್ತವು. ಹೊಸ ಮೀನನ್ನು ಬೇರೆ ಟ್ಯಾಂಕಿನಲ್ಲಿಟ್ಟು ಕ್ವಾರಂಟೈನ್ ಮಾಡಿಯೂ ಸತ್ತವು. ಅದನ್ನು 6ನೇ ದಿನಕ್ಕೇ ಮುಗಿಸಿದ್ದೇ ಕಾರಣ.

ಹೊಸದಾಗಿ ಬಂದದ್ದು ಒಂದು ಪೌಡರ್ ಬ್ಲೂ ಟ್ಯಾಂಗ್. ಎರಡನೇ ದಿನ ರೆಕ್ಕೆಯ ಮೇಲೆ ಸಣ್ಣ ರವೆ ಅಂಟಿದಂತೆ ಬಿಳಿ ಚುಕ್ಕೆ ಕಂಡವು. ಅಂಗಡಿಯವರು ಕೊಟ್ಟ 'ಎಲ್ಲ ರೋಗಕ್ಕೂ ಆಗುವ' ನೀಲಿ ದ್ರಾವಣ ಹಾಕಿದ್ದಾಯಿತು. ಐದನೇ ದಿನ ಚುಕ್ಕೆ ಒಂದೂ ಇಲ್ಲ, ಮೀನು ನೋರಿಯನ್ನು (ಒಣಗಿಸಿದ ಕಡಲಪಾಚಿ) ಕಿತ್ತು ತಿನ್ನುತ್ತಿತ್ತು. 'ವಾಸಿಯಾಯಿತು, ಬಿಡಿ' ಎಂಬ ಸಲಹೆ ಬಂತು, ಬಿಟ್ಟರು. ಹನ್ನೆರಡು ದಿನ ಕಳೆದ ಮೇಲೆ ಮುಖ್ಯ ಟ್ಯಾಂಕಿನ ಎಲ್ಲ ಮೀನುಗಳ ಮೈಮೇಲೂ ರವೆ.

ಆ ನೀಲಿ ದ್ರಾವಣ ಏನನ್ನೂ ಮಾಡಿರಲಿಲ್ಲ. ಆ ಬಿಳಿ ಚುಕ್ಕೆ ತರುವ ಮರೀನ್ ಇಕ್, ಅಂದರೆ ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಪರೋಪಜೀವಿ, ಮೀನಿನ ಚರ್ಮದೊಳಗೆ 3ರಿಂದ 7 ದಿನ ತಿಂದು ಬಲಿತು, ಔಷಧಿ ಇರಲಿ ಇಲ್ಲದಿರಲಿ ತಾನೇ ಉದುರುತ್ತದೆ. ಉದುರಿದ್ದು ಕಲ್ಲಿಗೋ ಗಾಜಿಗೋ ಮರಳಿಗೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು, ಒಳಗೆ ಒಡೆದು ನೂರಾರಾಗುತ್ತದೆ. ಹೆಚ್ಚಿನ ಕೋಶಗಳು 3ರಿಂದ 28 ದಿನದೊಳಗೆ ಒಡೆಯುತ್ತವೆ, ಕೆಲವು 72 ದಿನದವರೆಗೂ ಕಾಯುತ್ತವೆ. ಹೊರಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಇದಕ್ಕೆ ಹಾಕುವ ತಾಮ್ರದ ಔಷಧಿ ಕೊಲ್ಲುವುದು ನೀರಿನಲ್ಲಿ ಈಜುವ ಈ ಮರಿಗಳನ್ನು ಮಾತ್ರ. ಚರ್ಮದೊಳಗಿರುವುದಕ್ಕೂ ಕೋಶದೊಳಗಿರುವುದಕ್ಕೂ ಅದು ತಾಕುವುದಿಲ್ಲ. ಕಿವಿರಿನಲ್ಲಿ ಕೂತದ್ದು ಕಣ್ಣಿಗೆ ಕಾಣುವುದೂ ಇಲ್ಲ. ಹಾಗಾಗಿ ಮೈ ಸ್ವಚ್ಛವಾಗಿ ಕಂಡ ಐದನೇ ದಿನ ಆ ಮೀನಿನಲ್ಲಿ ರೋಗ ಇದ್ದೇ ಇತ್ತು.

ಅದಕ್ಕಿಂತ ದೊಡ್ಡ ಅನಾಹುತ ಆಮೇಲಿನದು. ಗಾಬರಿಯಲ್ಲಿ ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೇ ಸುರಿದರು. ರಾತ್ರಿಯೊಳಗೆ ಕ್ಲೀನರ್ ಶ್ರಿಂಪ್ ಎಂಬ ಸಿಗಡಿಗಳು ಮಗುಚಿಬಿದ್ದವು, ಬಸವನಹುಳುಗಳು ಗಾಜಿನಿಂದ ಕಳಚಿಕೊಂಡವು. ಮರುದಿನ ಪರೀಕ್ಷಿಸಿದರೆ ನೀರಿನಲ್ಲಿ ತಾಮ್ರ ಹೆಚ್ಚೂಕಡಿಮೆ ಸೊನ್ನೆ, ಏಕೆಂದರೆ ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲ ಕಲ್ಲು) ಮತ್ತು ಸುಣ್ಣದಂಶದ ಅರಾಗೊನೈಟ್ ಮರಳು ಅದನ್ನು ಹೀರಿಕೊಂಡಿದ್ದವು. ಮತ್ತೆ ಸುರಿದರು. ಮೀನಿಗೆ ತಾಮ್ರದ ಹೊಡೆತವೂ ಬಿತ್ತು, ಸತ್ತ ಜೀವಿಗಳಿಂದ ಏರಿದ ಅಮೋನಿಯಾದ ಹೊಡೆತವೂ ಬಿತ್ತು; ರೋಗ ಮಾತ್ರ ಹಾಗೇ ಉಳಿಯಿತು. ಕಲ್ಲು ಹೀರಿದ ತಾಮ್ರ ನಿಧಾನವಾಗಿ ನೀರಿಗೆ ಮರಳಬಹುದು. ಆ ಕಲ್ಲಿನ ಮೇಲೆ ಇನ್ನು ಹವಳ ಇಡುವ ಧೈರ್ಯ ಮಾಡಬಾರದು.

ಕ್ವಾರಂಟೈನ್ ಟ್ಯಾಂಕ್ ಬರಿಗಾಜಿನದಾಗಿರಲಿ: ಮರಳು ಬೇಡ, ಕಲ್ಲು ಬೇಡ, ಫಿಲ್ಟರಿನ ಕಾರ್ಬನ್ ಬೇಡ. ಅವಿತುಕೊಳ್ಳಲು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಲ್ಬೋಗಳು ಸಾಕು. ಒಂದು ಸ್ಪಂಜ್ ಫಿಲ್ಟರನ್ನು ಕನಿಷ್ಠ 4 ವಾರ ಮೊದಲೇ ರೋಗವಿಲ್ಲದ ಟ್ಯಾಂಕಿನ ಸಂಪ್‌ನಲ್ಲಿ (ಫಿಲ್ಟರ್ ಇಡುವ ಕೆಳಗಿನ ತೊಟ್ಟಿ) ಇಟ್ಟು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳಿ. ಹೆಚ್ಚಿನವರು ಬಿಡುವ ಹೆಜ್ಜೆ ಇದೇ, ಕ್ವಾರಂಟೈನ್‌ನಲ್ಲಿ ಅಮೋನಿಯಾದಿಂದ ಮೀನು ಸಾಯುವುದೂ ಇದರಿಂದಲೇ. ಕಾವೇರಿ ನೀರಿನಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಿನಲ್ಲಿ ಗಡಸುತನ. ಎರಡೂ ಬೇಡ, ಲವಣಗಳನ್ನೆಲ್ಲ ಶೋಧಿಸಿ ತೆಗೆದ ಆರ್‌ಒ-ಡಿಐ ನೀರಿಗೇ ಉಪ್ಪು ಬೆರೆಸಿ. ಡಿಸೆಂಬರ್ ರಾತ್ರಿಯ ಚಳಿಗೆ ಸಣ್ಣ ಟ್ಯಾಂಕ್ ಬೇಗ ತಣ್ಣಗಾಗುತ್ತದೆ, ಆದ್ದರಿಂದ ಹೀಟರ್ ಬೇಕೇ ಬೇಕು. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್‌ಪಂಪೂ ಇರಲಿ.

ಇನ್ನು ತಾಮ್ರದ ಡೋಸ್. 60×40×40 ಸೆಂ.ಮೀ. ಟ್ಯಾಂಕನ್ನು 96 ಲೀಟರ್ ಎಂದು ಲೆಕ್ಕ ಹಾಕುತ್ತಾರೆ. 35 ಸೆಂ.ಮೀ. ಎತ್ತರಕ್ಕೆ ತುಂಬಿಸಿದರೆ ಅದರಲ್ಲಿರುವುದು 84 ಲೀಟರ್. ಆ 12 ಲೀಟರಿನ ತಪ್ಪು ಮೀನಿನ ಮೇಲೆ ಬೀಳುತ್ತದೆ. ಅಯಾನಿಕ್ ತಾಮ್ರವಾದ ಕ್ಯುಪ್ರಮೈನ್‌ನ ಗುರಿ 0.5 ಪಿಪಿಎಂ (ಲೀಟರಿಗೆ ಮಿ.ಗ್ರಾಂ.), ಕಾಪರ್ ಪವರ್‌ನಂಥ ಚೀಲೇಟೆಡ್, ಅಂದರೆ ಬೇರೆ ಅಣುವಿಗೆ ಕಟ್ಟಿಹಾಕಿದ, ತಾಮ್ರದ್ದು 2.0ರಿಂದ 2.5. ಇವೆರಡನ್ನು ಅದಲುಬದಲು ಮಾಡಿದರೆ, ಅಂದರೆ ಕ್ಯುಪ್ರಮೈನನ್ನು 2.0ಕ್ಕೆ ಏರಿಸಿದರೆ, ಮೀನು ಉಳಿಯುವುದಿಲ್ಲ. ಬಾಟಲಿಯ ಮೇಲಿನ ಸೂಚನೆ ಓದಿ, ಎರಡು ಮೂರು ದಿನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಬಣ್ಣ ಹೋಲಿಸುವ ಕಿಟ್‌ನಲ್ಲಿ 1.5 ಮತ್ತು 2.0ರ ವ್ಯತ್ಯಾಸ ಕಣ್ಣಿಗೆ ತಿಳಿಯದು. ಚೀಲೇಟೆಡ್ ತಾಮ್ರಕ್ಕೆ ಹನ್ನಾ ಎಚ್‌ಐ702 ಮೀಟರ್‌ಗೆ ಕೊಡುವ ದುಡ್ಡು ದಂಡವಲ್ಲ.

ಗುರಿ ಮುಟ್ಟಿದ ದಿನದಿಂದ 30 ದಿನ ಎಣಿಸಿ. ನಡುವೆ ಮಟ್ಟ ಇಳಿದರೆ ಎಣಿಕೆ ಮತ್ತೆ ಒಂದರಿಂದ. ಆವಿಯಾದ ನೀರಿಗೆ ಬರಿಯ ಆರ್‌ಒ ನೀರು ಸಾಕು, ತಾಮ್ರ ಸೇರಿಸಬೇಡಿ. ನೀರು ಬದಲಿಸಿದಾಗ ಮಾತ್ರ ಹೊಸ ನೀರಿಗೂ ಅದೇ ಪ್ರಮಾಣದ ತಾಮ್ರ ಬೆರೆಸಿರಬೇಕು. ಅಮೋನಿಯಾ ಏರಿದರೆ ನೀರು ಬದಲಿಸಿ. ಅಮೋನಿಯಾ ಬಂಧಿಸುವ ಕಂಡಿಷನರನ್ನು ಕ್ಯುಪ್ರಮೈನ್ ಜೊತೆ ಹಾಕಿದರೆ ತಾಮ್ರ ಇನ್ನಷ್ಟು ವಿಷವಾಗುತ್ತದೆ.

ತಾಮ್ರ ಬೇಡವೆನ್ನುವವರಿಗೆ ಟ್ಯಾಂಕ್ ಬದಲಿಸುವ ವಿಧಾನವಿದೆ: 72 ಗಂಟೆ ಮೀರದಂತೆ ಮೀನನ್ನು 1, 4, 7, 10, 13ನೇ ದಿನ ಹೊಸ ನೀರಿನ, ಪೂರ್ತಿ ಒಣಗಿಸಿದ ಟ್ಯಾಂಕಿಗೆ ದಾಟಿಸುವುದು. ಹಳೆಯ ನೀರು, ಬಲೆ, ಪೈಪು ಯಾವುದೂ ಜೊತೆಗೆ ಬರಬಾರದು. ಇದು ಇಕ್‌ಗೆ ಮಾತ್ರ. ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿ ರೋಗಕ್ಕೆ ಇದು ನಡೆಯದು, ಉಪ್ಪಿನಂಶವನ್ನು (ನೀರಿನ ಸಾಪೇಕ್ಷ ಸಾಂದ್ರತೆಯ ಅಳತೆಯಲ್ಲಿ) 1.009ಕ್ಕೆ ಇಳಿಸುವುದೂ ನಡೆಯದು. ಜರಡಿ ಹಿಡಿದ ಹಿಟ್ಟು ಉದುರಿಸಿದಂತೆ ಮೈ ಕಂಡರೆ, ಮೀನು ಬೆಳಕಿಗೆ ಬೆನ್ನು ಮಾಡಿ ನೀರು ಚಿಮ್ಮುವ ಪಂಪ್ ಆದ ಪವರ್‌ಹೆಡ್‌ನ ರಭಸಕ್ಕೆ ಬಾಯಿ ಕೊಟ್ಟು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂದೇ ತಿಳಿದು ಅಂದೇ ತಾಮ್ರದ ಟ್ಯಾಂಕಿಗೆ ಸೇರಿಸಿ. ಎರಡೇ ದಿನದಲ್ಲಿ ಕೊಲ್ಲಬಲ್ಲ ರೋಗ ಅದು.

ತಾಮ್ರಕ್ಕೆ ಜಗ್ಗದ್ದೂ ಒಂದಿದೆ: ಫ್ಲೂಕ್, ಅಂದರೆ ಮೀನಿಗೆ ಅಂಟುವ ಚಪ್ಪಟೆ ಹುಳು. ಉಷ್ಣತೆ, ಪಿಎಚ್ ಎರಡನ್ನೂ ಹೊಂದಿಸಿ ಗಾಳಿಯಾಡಿಸಿದ ಸಿಹಿನೀರಿನಲ್ಲಿ, ಕಪ್ಪು ಬಕೆಟ್‌ನಲ್ಲಿ, ಮೀನನ್ನು 5 ನಿಮಿಷ ಮುಳುಗಿಸಿ ನೋಡಿ. ಫ್ಲೂಕ್ ಇದ್ದರೆ ಬಿಳಿಚಿಕೊಂಡು ಎಳ್ಳಿನ ಕಾಳಿನಂತೆ ತಳಕ್ಕೆ ಉದುರುತ್ತವೆ. ಅವಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಹುಳದ ಔಷಧಿ, ಲೀಟರಿಗೆ 2.5 ಮಿ.ಗ್ರಾಂ. ಮೊಟ್ಟೆ ಅದಕ್ಕೆ ಸಾಯುವುದಿಲ್ಲ, ಆದ್ದರಿಂದ ವಾರದ ಬಳಿಕ ಮತ್ತೊಮ್ಮೆ. ಆಮ್ಲಜನಕ ಕುಸಿಯುತ್ತದೆ, ಏರ್‌ಪಂಪ್ ಜೋರಾಗಿರಲಿ.

ಆ ಮನೆಯಲ್ಲಿ ಉಳಿದ 2 ಕ್ಲೌನ್ ಮೀನುಗಳು ಈಗ ಬರಿಗಾಜಿನ ಟ್ಯಾಂಕಿನಲ್ಲಿವೆ. ಮುಖ್ಯ ಟ್ಯಾಂಕ್ 76 ದಿನ ಮೀನಿಲ್ಲದೆ ಓಡಬೇಕು. ಅಷ್ಟು ದಿನವೂ ನೀರು 27 ಡಿಗ್ರಿ ಆಸುಪಾಸಿನಲ್ಲಿರಲಿ, ತಣ್ಣಗಾದಷ್ಟೂ ಕೋಶ ಒಡೆಯುವುದು ತಡ. ಈ ನಡುವೆ ಒಂದೇ ಒಂದು ಡ್ಯಾಮ್ಸೆಲ್ ಮೀನು ಬಿಟ್ಟರೂ, ಮೀನಿದ್ದ ಟ್ಯಾಂಕಿನಿಂದ ಒಂದು ಹವಳದ ತುಂಡು ತಂದಿಟ್ಟರೂ, ಕ್ವಾರಂಟೈನ್‌ನಲ್ಲಿ ಅದ್ದಿದ ಬಲೆಯನ್ನು ಒದ್ದೆಯಾಗಿಯೇ ಇಲ್ಲಿ ಅದ್ದಿದರೂ ಎಣಿಕೆ ಮತ್ತೆ ಮೊದಲ ದಿನದಿಂದ.